ಏಣಿ ಹತ್ತದ ಬ್ಯಾಂಡು

ಮುಂದಿನ ಎರಡು ಹಲ್ಲು ಹೋದದ್ದರಿಂದ ಪೀಪಿ ಮೇಷ್ಟ್ರು ಮೇಷ್ಟ್ರಾದರು. ಹೀಗೆಂದು ಶಾಲೆಯ ಲೆಕ್ಕದ ಟೀಚರು ನಗಾಡುತ್ತಿದ್ದರು, ಆದರೆ ಅದರಲ್ಲಿ ಸುಳ್ಳೇನಿಲ್ಲ. ಇಪ್ಪತ್ತು ವರ್ಷ ಹೋಟೆಲು, ಸರ್ಕಸ್ಸು ಅಂತ ಟ್ರಂಪೆಟ್ ನುಡಿಸಿಕೊಂಡಿದ್ದ ಮನುಷ್ಯ ಒಂದು ದಿನ ಮೆಟ್ಟಿಲಲ್ಲಿ ಮುಗ್ಗರಿಸಿದರು. ಕಟ್ಟಿಸಿಕೊಂಡ ಹಲ್ಲಿನ ಸಂದಿಯಲ್ಲಿ ಗಾಳಿ ಸೋರತೊಡಗಿತು. ಆಮೇಲೆ ಮಾಧ್ಯಮಿಕ ಶಾಲೆಯ ಬ್ಯಾಂಡಿಗೆ ಬಂದು ಸೇರಿದರು. ಊದಿ ತೋರಿಸಲಾರದೆ, "ಪಂಪ ಪಪಂಪ" ಅಂತ ಬಾಯಲ್ಲೇ ಹಾಡಿ ಕಲಿಸುತ್ತಿದ್ದರು.

ಅವರಿಗೆ ಬೈಯಲು ಬರುತ್ತಿರಲಿಲ್ಲ. ಬೆಣ್ಣೆಯಂಥ ಮನಸ್ಸು ಎಂದು ಎಲ್ಲರೂ ಹೊಗಳುತ್ತಿದ್ದರು. ಬೆಣ್ಣೆಯಿಂದ ಗೋಡೆ ಕಟ್ಟಲಾಗುವುದಿಲ್ಲ ಎಂದು ಒಬ್ಬರಾದರೂ ಹೇಳಬೇಕಿತ್ತು. ಮಗುವೊಂದು ಕಷ್ಟದ ಜಾಗದಲ್ಲಿ ತಡವರಿಸಿದರೆ ಮೇಷ್ಟ್ರು ಬಗ್ಗಿ ಅದರ ಕಿವಿಯಲ್ಲಿ ಹೇಳುತ್ತಿದ್ದರು: "ಅಲ್ಲಿ ಊದ್ಬೇಡ ಮರಿ. ಬೆರಳು ಮಾತ್ರ ಆಡ್ಸು. ಉಳಿದೋರು ನೋಡ್ಕೋತಾರೆ. ಯಾರಿಗೂ ಹೇಳ್ಬೇಡ." ಹಾವೂ ಸಾಯದು, ಕೋಲೂ ಮುರಿಯದು. ಮೊದಮೊದಲು ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಹೀಗೆ ಹೇಳುತ್ತಿದ್ದರು, ನಡೆದುಹೋಗುತ್ತಿತ್ತು.

ಎರಡು ವರ್ಷದಿಂದ ಸಂಗೀತ ಪರೀಕ್ಷೆಯಲ್ಲಿ ಬ್ಯಾಂಡಿಗೆ ಮೂರನೇ ದರ್ಜೆಯೇ ಸಿಕ್ಕಿತ್ತು. ಹೆಡ್ ಮಿಸ್ಸು ಮುಖಕ್ಕೆ ಹೊಡೆದಂತೆ ಹೇಳಿದ್ದರು: "ಈ ಸಲ ಎರಡನೇ ದರ್ಜೆಯಾದ್ರೂ ಬರ್ಬೇಕು ಮೇಷ್ಟ್ರೇ. ಇಲ್ದಿದ್ರೆ ಬ್ಯಾಂಡ್ ಸಾಕು. ಆ ಕೋಣೆ ಲೈಬ್ರರಿಗೆ ಬೇಕು."

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸದೆಯೇ ಅಂದಳು, "ಹೋದ್ರೆ ಹೋಗ್ಲಿ ಬಿಡೋ. ನಾನೇನು ಸತ್ತಿದ್ದೀನಾ?" ಅಕ್ಕನಿದ್ದಾಳೆ, ಊಟಕ್ಕೆ ಭಯವಿಲ್ಲ. ಆದರೆ ಆ ಕೋಣೆಯ ಬಾಗಿಲು ತೆಗೆಯುವಾಗ ಹದಿನೆಂಟು ಮಕ್ಕಳು "ಬಂದ್ರು, ಬಂದ್ರು" ಅನ್ನುತ್ತಿದ್ದವು. ಲೋಕದಲ್ಲಿ ಮತ್ತೆಲ್ಲೂ ಅವರ ದಾರಿ ಕಾಯುವವರು ಇರಲಿಲ್ಲ.

ನುಡಿಸಬೇಕಾದ ಕವಾಯತಿನ ಹಾಡಿನ ನಡುವೆ ಒಂದು ಜಾಗವಿತ್ತು. ಅಲ್ಲಿ ಸ್ವರಗಳು ಸರಸರನೆ ಮೇಲೆ ಹತ್ತಿ, ಅಷ್ಟೇ ಬೇಗ ಇಳಿದುಬರುತ್ತವೆ. ಹದಿನಾರು ಎಣಿಸುವಷ್ಟು ಹೊತ್ತು, ಅಷ್ಟೇ. ಮಕ್ಕಳು ಅದಕ್ಕೆ ಏಣಿ ಎಂದು ಹೆಸರಿಟ್ಟಿದ್ದವು. ಅಭ್ಯಾಸದಲ್ಲಿ ಒಬ್ಬರು ಜಾರಿದರೆ ಉಳಿದವರೆಲ್ಲ ಅವರ ಮೇಲೆ ದಬದಬ ಬೀಳುತ್ತಿದ್ದರು.

ಪರೀಕ್ಷೆಯ ಬೆಳಿಗ್ಗೆ ದೊಡ್ಡ ಶಾಲೆಯೊಂದರ ಕಾರಿಡಾರಿನಲ್ಲಿ ಮಕ್ಕಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಮೇಷ್ಟ್ರು ಒಬ್ಬೊಬ್ಬರ ವಾದ್ಯದ ಶ್ರುತಿ ನೋಡುತ್ತ ಬಂದರು. ಮೊದಲನೆಯ ಕೊಳಲಿನ ಹುಡುಗಿಯ ತುಟಿ ಅದುರುತ್ತಿತ್ತು. "ಸರ್, ಏಣೀಲಿ ಬಿದ್ರೆ?" ಮೇಷ್ಟ್ರಿಗೆ ನೋಡಲಾಗಲಿಲ್ಲ. ಬಗ್ಗಿ ಕಿವಿಯಲ್ಲಿ ಹೇಳಿದರು. ಪಕ್ಕದ ಹುಡುಗನ ಕಣ್ಣಲ್ಲಿ ನೀರು. ಅವನಿಗೂ ಹೇಳಿದರು. ಮುಂದಿನವಳಿಗೆ ಹಿಂದಿನ ದಿನವೇ ಹೇಳಿಯಾಗಿತ್ತು. ಹಾಗೇ ಬಗ್ಗುತ್ತ, ಬೆನ್ನು ತಟ್ಟುತ್ತ, ಕಾರಿಡಾರಿನ ಕೊನೆ ಮುಟ್ಟಿದರು. ಎಷ್ಟು ಮಂದಿಗೆ ಹೇಳಿದೆ ಎಂಬುದು ಅವರ ತಲೆಗೆ ಬರಲೇ ಇಲ್ಲ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು?

ವೇದಿಕೆಯೆದುರು ಮೂವರು ತೀರ್ಪುಗಾರರು ಪೆನ್ಸಿಲು ಹಿಡಿದು ಕೂತಿದ್ದರು. ಹಾಡು ಶುರುವಾಯಿತು. ಎಂದೂ ಇಲ್ಲದಷ್ಟು ಚೆನ್ನಾಗಿ ಶುರುವಾಯಿತು! ಎರಡು ವರ್ಷದಲ್ಲಿ ಮೊದಲ ಸಲ ಮೇಷ್ಟ್ರಿಗೆ ಆಸೆ ಹುಟ್ಟಿತು. ಏಣಿ ಬಂತು. ಅವರು ತಾಳ ಹಾಕುವ ಕೋಲು ಎತ್ತಿದರು.

ಸದ್ದೇ ಇಲ್ಲ.

ಹದಿನೇಳು ಜೊತೆ ಕೈಗಳ ಬೆರಳು ಆಡುತ್ತಿದ್ದವು. ಕೆಲವರಂತೂ ಕೆನ್ನೆ ಉಬ್ಬಿಸಿ ಹುಬ್ಬು ಗಂಟಿಕ್ಕಿದ್ದರು. ಊದುವ ಕೆಲಸವಿಲ್ಲದ ಡೋಲಿನ ಹುಡುಗಿಯೊಬ್ಬಳೇ ಟಕ ಟಕ ಬಡಿಯುತ್ತ ಸುತ್ತ ಕಣ್ಣು ಕಣ್ಣು ಬಿಡುತ್ತಿದ್ದಳು. ಒಬ್ಬ ತೀರ್ಪುಗಾರರು ಕನ್ನಡಕ ತೆಗೆದರು. ಏನಾಯಿತೆಂದು ಮೇಷ್ಟ್ರಿಗೆ ಆ ಕ್ಷಣವೇ ಗೊತ್ತಾಯಿತು. "ಊದ್ರೋ!" ಎಂದು ಕೂಗಬೇಕೆನಿಸಿತು. ಕೈ ಮಾತ್ರ ಕೋಲು ಬೀಸುತ್ತಲೇ ಇತ್ತು. ಹದಿನಾರು ಎಣಿಕೆ ಮುಗಿದದ್ದೇ ಅಷ್ಟೂ ಮಕ್ಕಳು ಒಟ್ಟಿಗೆ, ಕೂದಲೆಳೆ ತಪ್ಪದೆ, ಹಾಡಿಗೆ ಮರಳಿದವು.

ಮೂರನೇ ದರ್ಜೆ. ಬಸ್ಸು ಹತ್ತುವಾಗ ಹೆಡ್ ಮಿಸ್ಸು ಮೆಲ್ಲಗೆ ಹೇಳಿದರು, "ಸೋಮವಾರ ಕೋಣೆ ಕೀ ಕೊಟ್ಬಿಡಿ." ಕೂಗಾಡಿದ್ದರೆ ವಾಸಿಯಿತ್ತು. ಮೇಷ್ಟ್ರು "ಆಯ್ತಮ್ಮ" ಎಂದು ಮುಂದಿನ ಸೀಟಿನಲ್ಲಿ ಕುಸಿದರು.

ಹಿಂದೆ ಗುಸುಗುಸು ಶುರುವಾಯಿತು. "ನಂಗೆ ಊದ್ಬೇಡ ಅಂದಿದ್ರು ಕಣೇ."

"ನಿಂಗೂನಾ?"

"ನಂಗೂ!"

ಸೀಟಿನಿಂದ ಸೀಟಿಗೆ ಆ ಮಾತು ಮುಂದಕ್ಕೆ ಬಂತು. ಮೊದಲು ನಕ್ಕರು. ಆಮೇಲೆ ನಗು ತಾನಾಗಿಯೇ ನಿಂತಿತು. ದೊಡ್ಡ ಕಹಳೆ ಊದುವ ಹುಡುಗಿ ಎದ್ದು, ಕಂಬಿ ಹಿಡಿದುಕೊಂಡು ಮೇಷ್ಟ್ರ ಪಕ್ಕಕ್ಕೆ ಬಂದಳು.

"ಸರ್, ಮನೇಲಿ ನಂಗೆ ಏಣಿ ಬರ್ತಿತ್ತು. ಹತ್ತು ಸಲ ಊದಿದ್ರೆ ಆರು ಸಲ."

"ಹೇಳ್ಬೇಕಿತ್ತಲ್ಲಮ್ಮಾ."

"ನೀವು ಕೇಳ್ಲಿಲ್ಲ. ಬೇಡ ಅಂದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬುದಷ್ಟೇ ಇತ್ತು. "ಉಳಿದೋರು ನೋಡ್ಕೋತಾರೆ ಅಂದ್ರಲ್ಲ ಸರ್, ನಮ್ಮಲ್ಲಿ ಯಾರಿಗೆ ಬರುತ್ತೆ ಅಂದ್ಕೊಂಡಿದ್ರಿ?"

ಮೇಷ್ಟ್ರು ತಿರುಗಿದರು. ಬಸ್ಸಿಗೆ ಬಸ್ಸೇ ಅವರ ಬಾಯನ್ನು ನೋಡುತ್ತಿತ್ತು. ತಮ್ಮ ಹೆಸರು ಬರದಿದ್ದರೂ ಸರಿ, ಯಾರದಾದರೂ ಒಂದು ಹೆಸರು ಬರಲಿ ಎಂದು ಎಲ್ಲ ಮಕ್ಕಳೂ ಕಾಯುತ್ತಿದ್ದವು. ಮೇಷ್ಟ್ರು ಒಂದೊಂದೇ ಮುಖ ನೋಡುತ್ತ ಕೊನೆಯ ಸೀಟಿನವರೆಗೆ ಹೋದರು. ಹೇಳಲು ಅವರ ಬಳಿ ಒಂದು ಹೆಸರೂ ಇರಲಿಲ್ಲ.