ಗೆಲ್ಲುತ್ತಿದ್ದ ಜಪಾನಿನವನು

ಆ ಜಪಾನಿನವನು ಒಂದು ರೇಸನ್ನೂ ಗೆಲ್ಲಲಿಲ್ಲ. ನಮ್ಮ ಅಳಿಯ ಡ್ರೈವಿಂಗ್ ಟೆಸ್ಟ್ ಪಾಸಾಗಲಿಲ್ಲ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಬರೆದುಕೊಂಡದ್ದು.

ಬರೆದವನು ಅಳಿಯ. ಮಗಳು ನರ್ಸ್ ಕೆಲಸಕ್ಕೆಂದು ಧಾರವಾಡದಿಂದ ಲಂಡನ್ನಿಗೆ ಬಂದಳು, ಅವಳ ಹಿಂದೆ ಅವನು ಬಂದ. ನಾನು ವೀಸಾ ಕೊಟ್ಟಷ್ಟು ದಿನ ಇದ್ದು, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತಂದು, ಮತ್ತೆ ಊರಿಗೆ ಹೋಗುವವಳು. ಈಸ್ಟ್ ಹ್ಯಾಮ್‌ನಲ್ಲಿ ಸೀರೆ ಅಂಗಡಿಯ ಮೇಲೊಂದು ಫ್ಲ್ಯಾಟ್. ಅದರ ಅಡುಗೆಮನೆಯ ಮೂಲೆಯಲ್ಲೇ ಅವನ ಕಂಪ್ಯೂಟರ್. ನಾನು ರೊಟ್ಟಿ ಬಡಿಯುತ್ತಿದ್ದರೆ ಅವನು ಆ ಕಡೆ ಕೀಲಿ ಬಡಿಯುತ್ತಿದ್ದ. ಕೆಳಗಿನ ಅಂಗಡಿಯವರು ಬಂದು ಜಗಳ ತೆಗೆದದ್ದು ಮಾತ್ರ ನನ್ನ ಸದ್ದಿಗೆ.

ನಾನು ನಾಲ್ಕನೇ ಇಯತ್ತೆ ಓದಿದವಳು. ಬರೆಯುವವರನ್ನು ಕಂಡರೆ ಮರ್ಯಾದೆ ಇತ್ತು. ಏನು ಬರೆಯುತ್ತೀರಿ ಎಂದು ಕೇಳಿದೆ. ಒಬ್ಬ ಜಪಾನಿನ ರೇಸ್ ಡ್ರೈವರನ ಚರಿತ್ರೆ ಎಂದ.

"ಹ್ಯಾಂಗ ಓಡಸ್ತಾನ?"

"ಮೊದಲನೇ ವರ್ಷನ ಮೂರು ರೇಸ್ ಗೆಲ್ತಿದ್ದ, ಅತ್ಯಾ. ಮಳಿ ಬಂದರೂ ಗೆಲ್ತಿದ್ದ. ಮರುವರ್ಷ ದೊಡ್ಡ ಟೀಮಿನವರು ಬಂದು ಕರಕೊಂಡು ಹೋಗ್ತಿದ್ದರು."

"ಮದುವಿ?"

"ಇಟಲಿ ಹುಡುಗೀನ ಆಗ್ತಿದ್ದ."

"ಯಾಕ, ಜಪಾನಿನಾಗ ಹುಡುಗ್ಯಾರು ಇರಲಿಲ್ಲೇನು?"

ಮರುದಿನ ಕೇಳಿದರೆ ಹುಡುಗಿ ಜಪಾನಿನವಳೇ ಆಗಿದ್ದಳು. ಅತ್ತೆಯ ಮಾತಿಗೆ ಇಷ್ಟು ಬೆಲೆ ಕೊಡುವ ಅಳಿಯ ಯಾರಿಗೆ ಸಿಗುತ್ತಾನೆ ಎಂದು ನಾನು ಉಬ್ಬಿದೆ. ಬರೆದದ್ದನ್ನು ಹಾಗೆ ರಾತ್ರೋರಾತ್ರಿ ಬದಲಿಸಲು ಬರುತ್ತದೆಂದರೆ ಅದೆಂಥ ಚರಿತ್ರೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಅಳಿಯನಿಗೂ ಒಂದು ಯೋಗ ಬಂತು. ಊರಲ್ಲಿ ಫಿಸಿಯೋಥೆರಪಿ ಕಲಿತವನು, ಇಲ್ಲಿಗೆ ಬಂದಾಗಿನಿಂದ ವೃದ್ಧರ ಹೋಮಿನಲ್ಲಿ ಮುದುಕರನ್ನು ಎಬ್ಬಿಸಿ ಕೂರಿಸುವುದರಲ್ಲೇ ಇದ್ದ. ಈಗ ಒಂದು ಆಸ್ಪತ್ರೆಯವರು ಅವನ ಓದಿಗೆ ತಕ್ಕ ಕೆಲಸ ಕೊಡುತ್ತೇವೆ ಎಂದರು. ಮನೆಮನೆಗೆ ಹೋಗಿ, ಆಪರೇಷನ್ ಆದವರ ಮೊಣಕಾಲು ಬಾಗಿಸಿ ನಡೆಸಿ ಬರುವುದು. ಅದಕ್ಕೆ ಕಾರು ಓಡಿಸಲು ಬರಬೇಕು, ಇಲ್ಲಿಯ ಲೈಸೆನ್ಸ್ ಬೇಕು. ಧಾರವಾಡದ ಲೈಸೆನ್ಸ್ ಇಲ್ಲಿ ಒಂದು ವರ್ಷವಷ್ಟೇ ನಡೆಯುತ್ತದೆ, ಅದು ಮುಗಿದಿತ್ತು. ಆಸ್ಪತ್ರೆಯ ಮ್ಯಾನೇಜರ್ ಬಾಯಿ ಒಳ್ಳೆಯವಳು. ಟೆಸ್ಟ್ ಆದ ದಿನವೇ ಫೋನ್ ಮಾಡು, ಪಾಸಾದರೆ ಈ ಕೆಲಸ ನಿನ್ನದು, ಫೇಲಾದರೆ ಕೂಡಲೇ ಹೇಳು, ವಾರ್ಡಿನಲ್ಲಿ ಒಂದು ಜಾಗ ಇದೆ, ಬೇರೆಯವರ ಪಾಲಾಗುವ ಮುಂಚೆ ಕೇಳಿ ನೋಡೋಣ ಎಂದಿದ್ದಳಂತೆ.

ಮೊದಲನೇ ಟೆಸ್ಟಿನಲ್ಲಿ ಅವನು ಹಾರ್ನ್ ಹೊಡೆದ. ನಮ್ಮಲ್ಲಿ ಹಾರ್ನ್ ಎಂದರೆ ಬಂದೆ ನೋಡ್ರಿ ಎಂದು ತಿಳಿಸುವುದು. ಇಲ್ಲಿ ಅದು ಬೈಗುಳ. ಝೀಬ್ರಾ ದಾಟುತ್ತಿದ್ದ ಮುದುಕಿಗೆ ಮರ್ಯಾದೆಯಿಂದ ಒಂದು ಸಲ ಪೀಂ ಎಂದನಂತೆ. ಆಕೆ ನಡುರಸ್ತೆಯಲ್ಲಿ ನಿಂತು ಇವನನ್ನು ದಿಟ್ಟಿಸಿದಳಂತೆ. ಪಕ್ಕದಲ್ಲಿ ಕೂತಿದ್ದ ಟೆಸ್ಟಿನ ಸಾಹೇಬ ಫೇಲ್ ಎಂದು ಬರೆದುಕೊಂಡ.

"ಆ ಮುದುಕಿ ಜಲ್ದಿ ದಾಟಿದ್ರ ಪಾಸಾಗ್ತಿದ್ದೆ," ಎಂದ ಮನೆಗೆ ಬಂದು. ಎರಡನೇ ಟೆಸ್ಟಿಗೆ ತಾರೀಖು ಹಾಕಿಸಿದ. ಅಲ್ಲಿಯವರೆಗೆ ಕಾಯಲು ಮ್ಯಾನೇಜರ್ ಬಾಯಿ ಒಪ್ಪಿದಳು.

ಈ ನಡುವೆ ಪಿನ್ನರ್‌ನಲ್ಲಿ ಕನ್ನಡದವರ ಹಬ್ಬದ ಊಟ. ಪಿನ್ನರ್ ಎಂದರೆ ಡಾಕ್ಟರುಗಳ ಊರು. ಮನೆ ಮುಂದೆ ಹುಲ್ಲು, ಹುಲ್ಲಿನ ಮುಂದೆ ಎರಡು ಕಾರು. ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರೂ ತಮ್ಮ ಮಕ್ಕಳನ್ನು ಹೊಗಳುತ್ತಿದ್ದರು. ನಾನೇಕೆ ಸುಮ್ಮನಿರಲಿ?

"ನಮ್ಮ ಅಳಿಯ ಜಪಾನದ ಚಾಂಪಿಯನ್ನನ ಚರಿತ್ರೆ ಬರ್ಯಾಕತ್ತಾನ್ರಿ," ಎಂದೆ.

ಕೋಸಂಬರಿ ಬಡಿಸುತ್ತಿದ್ದ ಮೈಸೂರಿನ ಡಾಕ್ಟರು ನಿಂತರು. ಅವರಿಗೂ ಕಾರ್ ರೇಸಿನ ಹುಚ್ಚಂತೆ. ಯಾವ ಚಾಂಪಿಯನ್ ಎಂದು ಕೇಳಿದರು. ಹೆಸರು ಹೇಳಿದೆ. ನನ್ನ ಬಾಯಲ್ಲಿ ಅದು ಏನಾಗಿ ಹೊರಬಂತೋ, ಅವರಿಗೆ ಗುರುತಂತೂ ಸಿಕ್ಕಿತು.

"ಅಯ್ಯೋ, ಅವನಾ! ಅವನು ಒಂದು ರೇಸೂ ಗೆದ್ದಿಲ್ಲಮ್ಮಾ. ಒಂದೇ ಸೀಸನ್ ಓಡಿಸಿ ಊರಿಗೆ ಹೊರಟುಹೋದ, ಪಾಪ. ಕಾರು ಅರ್ಧ ದಾರೀಲೇ ಹೊಗೆ ಎಬ್ಬಿಸ್ಕೊಂಡು ನಿಂತುಬಿಡ್ತಿತ್ತು."

"ನಿಮಗ ಗೊತ್ತಿಲ್ಲ ಬಿಡ್ರಿ. ನೀವು ಮೂಗು ಗಂಟಲು ನೋಡೋ ಡಾಕ್ಟರು, ನಿಮಗ್ಯಾಕ ಕಾರಿನ ಉಸಾಬರಿ?"

ಪಂಕ್ತಿ ಪೂರಾ ನಕ್ಕಿತು. ಮೊಮ್ಮಗಳು ಫೋನು ತೆಗೆದು ಹುಡುಕಿ, "ಅಜ್ಜಿ, ಹಿ ನೆವರ್ ವನ್," ಎಂದಳು. ಅಳಿಯ ಹಪ್ಪಳವನ್ನು ತೀರ ನಿಗಾ ಇಟ್ಟು ಮುರಿಯತೊಡಗಿದ.

ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ಅಳಿಯನನ್ನು ಹಿಡಿದುಕೊಂಡೆ.

"ಯಾಕ ಸುಳ್ಳು ಹೇಳಿದ್ರಿ, ಅಳ್ಯಾರ?"

"ನಾ ಎಂದರ ಗೆದ್ದಾನ ಅಂದೇನ್ರಿ, ಅತ್ಯಾ? ಗೆಲ್ತಿದ್ದ ಅಂದೆ. ಕಾರು ಛಲೋ ಇದ್ದಿದ್ರ ಗೆಲ್ತಿದ್ದ."

"ಕಾರಿನ ಮಾತು ನೀವು ಒಂದು ದಿನಾನೂ ಆಡಲಿಲ್ಲ."

"ಅದು ಮೊದಲನೇ ಪುಟದಾಗ ಐತ್ರಿ."

ನೋಡಿ, ನಮ್ಮಪ್ಪ ಕುಸ್ತಿ ಗೆಲ್ಲುತ್ತಿದ್ದ. ಗೆಲ್ಲುತ್ತಿದ್ದ ಎಂದರೆ ನಿಜವಾಗಿ ಗೆಲ್ಲುತ್ತಿದ್ದ, ಬೆಳ್ಳಿ ಕಡಗ ತರುತ್ತಿದ್ದ. ಆ ಮಾತಿಗೆ ಎರಡು ಬಾಯಿ ಉಂಟೆಂದು ನನಗೆ ಈ ವಯಸ್ಸಿನಲ್ಲಿ, ಓಡುವ ರೈಲಿನಲ್ಲಿ ಗೊತ್ತಾಯಿತು. ಮದುವೆ ಆಗುತ್ತಿದ್ದ ಎಂದಾಗಲೇ ತಿಳಿಯಬೇಕಿತ್ತು. ದಿನಾ ಮದುವೆ ಆಗುವವರು ಯಾರಿದ್ದಾರೆ?

ದೇಶದೇಶದ ಗಂಡಸರು ಕಂಪ್ಯೂಟರಿನಲ್ಲೇ ಒಂದು ಕಡೆ ಕೂಡಿ, ಸೋತವರನ್ನೆಲ್ಲ ಹೀಗೆ ಗೆಲ್ಲಿಸುತ್ತಾರಂತೆ. ಬ್ರೆಜಿಲ್‌ನವನೊಬ್ಬ ಅಳಿಯನ ಜೊತೆ ವಾರಗಟ್ಟಲೆ ಜಗಳ ಮಾಡಿದ್ದನಂತೆ, ನಿನ್ನ ಜಪಾನಿನವನು ಗೆದ್ದ ರೇಸನ್ನು ನಮ್ಮವನು ಗೆಲ್ಲುತ್ತಿದ್ದ ಎಂದು. ಆಗದ ರೇಸಿಗೆ ಇಬ್ಬರು ಹೊಡೆದಾಡುವುದು. ಜಪಾನಿನವನು ಮಾತ್ರ ಇದ್ಯಾವುದೂ ಗೊತ್ತಿಲ್ಲದೆ ತನ್ನೂರಲ್ಲಿ ಅನ್ನ ತಿಂದುಕೊಂಡು ಇದ್ದಾನು.

ಎರಡನೇ ಟೆಸ್ಟಿನ ದಿನ ಮಗಳು ಡ್ಯೂಟಿಗೆ ಹೋಗುವ ಮುಂಚೆ ಅವನ ಹಣೆಗೆ ದೇವರ ಅಂಗಾರ ಹಚ್ಚಿ, "ರೀ, ಕೈಮುಗೀತೀನಿ, ಹಾರ್ನ್ ಮುಟ್ಟಬ್ಯಾಡ್ರಿ," ಎಂದಳು. ಹಾರ್ನ್ ಮುಟ್ಟಲಿಲ್ಲ. ಸೈಕಲ್ಲಿನವನೊಬ್ಬನ ಮೈಗೆ ತಾಗುವ ಹಾಗೆ ಕಾರು ಮುಂದೆ ಹಾಕಿದ. ನಮ್ಮೂರಿನ ಮಾರ್ಕೆಟ್ಟಿನಲ್ಲಿ ಅಷ್ಟು ಸಂದು ಬಿಟ್ಟರೆ ಅದರಲ್ಲಿ ಇನ್ನೊಂದು ಎಮ್ಮೆ ಹೋಗುತ್ತದೆ. ಇಲ್ಲಿ ಸಾಹೇಬ ತನ್ನ ಕಾಲಬುಡದ ಬ್ರೇಕ್ ಒತ್ತಿದ. ಅವನು ಒತ್ತಿದರೆ ಮುಗಿಯಿತು.

ಸಂಜೆ ಮಗಳು ಬಂದು ಕೇಳಿದ್ದು ಒಂದೇ.

"ಫೋನ್ ಮಾಡಿದ್ರೇನು?"

"ಆ ಸೈಕಲ್ಲಿನವ ಎಡಕ್ಕ ಇದ್ದಿದ್ರ..."

"ಫೋನ್ ಮಾಡಿದ್ರೋ ಇಲ್ಲೋ?"

"ನಾಳೆ ಮಾಡ್ತೀನಿ. ಏನು ಹೇಳಬೇಕು ಅಂತ ವಿಚಾರ ಮಾಡಾಕತ್ತೀನಿ."

"ಫೇಲ್ ಅನ್ನೂದಕ್ಕ ಏನು ವಿಚಾರ, ರೀ? ವಾರ್ಡಿನ ಜಾಗಾನೂ ಹೋದರ ಮತ್ತ ಆ ಹೋಮಿನಾಗ ಮುದುಕರನ್ನ ಎತ್ತಕೋತ ಕೂಡ್ತೀರಿ." ಅವಳು ಊಟ ಬಿಟ್ಟು ಎದ್ದು ಹೋದಳು.

ಅವನು ಕಂಪ್ಯೂಟರಿನ ಮುಂದೆ ಕೂತ. ಹಿಂದೆ ನಿಂತು ನೋಡಿದೆ. ಇಂಗ್ಲಿಷ್ ಓದಲು ಬರದಿದ್ದರೂ ಚಿತ್ರ ತಿಳಿಯುತ್ತದೆ. ಜಪಾನಿನವನ ಹೆಸರಿನ ಪಕ್ಕಕ್ಕೆ ಒಂದು ಚಿನ್ನದ ಕಪ್ ಅಂಟಿಸುತ್ತಿದ್ದ.

"ಇವತ್ತು ಇವ ಗೆದ್ದನೇನು?" ಎಂದೆ.

"ವರ್ಲ್ಡ್ ಚಾಂಪಿಯನ್, ಅತ್ಯಾ," ಎಂದ. ನಗಲೂ ಇಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಬೆನ್ನು ಬಗ್ಗಿಸಿ ಕೂತಿದ್ದ. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಗೆಲ್ಲಿಸುವುದಿದ್ದರೆ ಮನೆಯಲ್ಲೇ ಒಬ್ಬ ಇದ್ದನಲ್ಲ.

ಮಾರನೇ ದಿನ ಬೆಳಿಗ್ಗೆ ಮಗಳು ಡ್ಯೂಟಿಗೆ ಹೋಗಿದ್ದಳು. ಮೇಜಿನ ಮೇಲೆ ಅವನ ಫೋನ್ ಹೊಡೆದುಕೊಳ್ಳತೊಡಗಿತು. ಅವನು ಅದನ್ನೇ ನೋಡುತ್ತ ಕುರ್ಚಿಯಲ್ಲಿ ಕೂತ.

"ಯಾರು?"

"ಆಸ್ಪತ್ರೀ ಮ್ಯಾನೇಜರ್."

"ಎತ್ರಿ."

"ತಡೀರಿ, ಅತ್ಯಾ."

ತಡೆಯಲಿಲ್ಲ. ಜೋಳದ ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿ, "ಗುಡ್ ಮಾರ್ನಿಂಗ್. ಐ ಮದರ್ ಇನ್ ಲಾ. ಹಿ ಫೇಲ್. ವಾರ್ಡ್ ಜಾಬ್ ಪ್ಲೀಸ್. ಹಿ ಟಾಕ್ ನೌ," ಎಂದು ಅವನ ಕೈಯಲ್ಲಿ ತುರುಕಿದೆ. ಅವನು ಗಾಬರಿಯಿಂದ ಎದ್ದು ನಿಂತು, "ಯೆಸ್ ಮೇಡಂ, ಸಾರಿ ಮೇಡಂ," ಎನ್ನುತ್ತ ಕಿಟಕಿಯ ಕಡೆ ಹೋದ. ಖಾಲಿಯಾದ ಕುರ್ಚಿಯನ್ನು ಎಳೆದುಕೊಂಡು ನಾನು ಕೂತೆ.