ಮದುಮಗಳ ತೋಳಿನ ಹೊಲಿಗೆ

ನನಗೆ ಸಿಟ್ಟು ಬೇಗ ಬರುತ್ತದೆ. ಆ ಸಿಟ್ಟೇ ನನ್ನನ್ನು ದಾಂಡೇಲಿಯಲ್ಲಿ ಉಳಿಸಿತು ಎಂದರೆ ಮನೆಯವರೆಲ್ಲ ಈಗಲೂ ನಗುತ್ತಾರೆ. ನಗಲಿ.

ಕಾಗದದ ಕಾರ್ಖಾನೆ ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಧಾರವಾಡ ಕಡೆಯಿಂದ ಕೆಲಸಕ್ಕೆಂದು ಬಂದ ನನ್ನ ಗಂಡ ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ದಾಂಡೇಲಿಯ ಅಂಬೇವಾಡಿ ಭಾಗದ ಒಂದೇ ಕೋಣೆಯ ಖೋಲಿಯಲ್ಲಿ ನಾನು ಮತ್ತು ಎರಡನೇ ಇಯತ್ತೆ ಓದುವ ಮಗಳು ಇಬ್ಬರೇ ಉಳಿದೆವು. ದಿನಕರ್ಮ ಮುಗಿಯುವುದೇ ತಡ, ತವರೂರು ಮಳಗಿಯಿಂದ ಅಣ್ಣ ಬಂದ.

"ಗಂಟು ಕಟ್ಟು, ಮನಿಗೆ ಹೋಗೂಣು. ಇಲ್ಲಿ ಯಾರದಾರ ನಿನಗ?"

ಅಣ್ಣ ಕೆಟ್ಟವನಲ್ಲ. ಆದರೆ ಅಲ್ಲಿ ನನಗೆ ಕಾದಿದ್ದದ್ದು ಸಗಣಿ ಬಳಿಯುವ ಕೆಲಸ, ಅತ್ತಿಗೆಯ ಚುಚ್ಚುಮಾತು. ಮಗಳ ಶಾಲೆಯಂತೂ ಅಲ್ಲಿಗೆ ಮುಗಿಯುತ್ತಿತ್ತು. "ಯುಗಾದಿ ತನಕ ಬಿಡು ಅಣ್ಣಾ. ಅಷ್ಟರಾಗ ನಮ್ಮ ಹೊಟ್ಟಿ ನಾ ಹೊರಕೊಳ್ಳಲಿಲ್ಲ ಅಂದ್ರ ಬಾಯಿ ಮುಚ್ಕೊಂಡು ಬರ್ತೇನಿ" ಅಂದೆ.

ಆಗ ಅಂಬೇವಾಡಿಯಲ್ಲಿ ಕ್ರೈಸ್ತ ಮಿಶನ್ನಿನವರು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಗಂಡ ಸತ್ತವರು, ಗಂಡ ಬಿಟ್ಟವರು, ಕುಡುಕನ ಕೈಲಿ ಒದೆ ತಿಂದು ಓಡಿಬಂದವರು, ಹೀಗೆ ಒಂಬತ್ತು ಮಂದಿ ಇದ್ದೆವು. ಕಲಿಸುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಮದುವೆಯಾಗದ ಹೆಣ್ಣುಮಗಳು. ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ ನಾವು ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಅಲ್ಲಿಗೆ ಹೋದರೆ ಜಾತಿ ಕೆಡಿಸುತ್ತಾರೆಂದು ಓಣಿಯಲ್ಲಿ ಗುಸುಗುಸು ಇತ್ತು. ನಾನು ಮೊದಲ ದಿನವೇ ಕೇಳಿಬಿಟ್ಟೆ.

"ಅಕ್ಕಾರ, ಹೊಲಿಗಿ ಕಲೀಬೇಕಂದ್ರ ನಮ್ಮ ದೇವರನ್ನ ಬಿಡಬೇಕೇನ್ರಿ?"

ಅವರು ನಕ್ಕರು. "ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ಕೂತರೆ ಸಾಕು. ನಿಮ್ಮ ದೇವರನ್ನೇ ನೆನೆಯಿರಿ. ತಡವಾಗಿ ಬಂದರೆ ಮಾತ್ರ ನಾನು ಬಿಡುವವಳಲ್ಲ."

ಅವರು ಕಣ್ಣು ಮುಚ್ಚಿದಾಗ ನಾನು ಉಳವಿಯ ದೇವರಿಗೆ ಕೈ ಮುಗಿಯುತ್ತಿದ್ದೆ.

ಐದು ತಿಂಗಳು ಫ್ರಾಕು, ಕಾಲರ್ ಇಟ್ಟ ಜಂಪರು ಹೊಲಿದೆವು. ಆಮೇಲೆ ಅವನ್ನು ಹೊತ್ತು ಕೂಲಿಕಾರರ ಸಾಲುಮನೆಗಳಿಗೆ ಹೋದೆವು. ಯಾರೂ ಕೈಯಲ್ಲಿ ಹಿಡಿಯಲಿಲ್ಲ. ಬೈಲಹೊಂಗಲದ ಕಡೆಯ ಒಬ್ಬ ಮುದುಕಿ ಫ್ರಾಕನ್ನು ತಿರುವಿಹಾಕಿ ನೋಡಿ, "ಇದಕ್ಕ ಕೆಳಗಿನ ಅರ್ಧ ಎಲ್ಲೈತವ್ವ?" ಎಂದು ಕೇಳಿದಳು. ತಿರುಗಿ ಬಂದವಳೇ ಆ ಗಂಟನ್ನು ಅಕ್ಕಾರ ಮೇಜಿನ ಮೇಲೆ ಎಸೆದೆ.

"ಐದು ತಿಂಗಳು ಕಣ್ಣು ಕಳಕೊಂಡ್ವಿ! ಇಲ್ಲಿ ಹೆಂಗಸರು ತೊಡೂದು ಖಣದ ಕುಬಸ ರೀ. ಈ ಝಾಲರಿ ಫ್ರಾಕು ಎಮ್ಮಿ ಕರಕ್ಕ ಹಾಕೂಣೇನು?"

ಅಕ್ಕಾರ ಮುಖ ಕೆಂಪಾಯಿತು. ಇನ್ನೇನು ಹೊರಗೆ ಹಾಕುತ್ತಾರೆ ಅಂದುಕೊಂಡೆ. ಅವರು ಕುರ್ಚಿಯಿಂದೆದ್ದು ನಮ್ಮ ಚಾಪೆಯ ಮೇಲೆ ಬಂದು ಕೂತರು.

"ನನಗೆ ಕುಪ್ಪಸ ಹೊಲಿಯಲು ಬರುವುದಿಲ್ಲ. ನಿಮಗೆ ಬರುತ್ತದೆಯೇ?"

"ನಮ್ಮವ್ವ ಹೊಲೀತಿದ್ಲು. ಬರ್ತೈತಿ."

"ಹಾಗಾದರೆ ನಾಳೆಯಿಂದ ನೀವು ಕಲಿಸಿ. ನಾನೂ ಕಲಿಯುತ್ತೇನೆ."

ಖಣವೆಂದರೆ ಒಂದು ಕುಪ್ಪಸಕ್ಕೆ ಸರಿಯಾಗಿ ಸಾಲುವ ತುಂಡು ಬಟ್ಟೆ. ಅದರ ಅಂಚು ತೋಳಿನ ತುದಿಗೇ ಬರಬೇಕು. ಒಂದು ಬೆರಳು ತಪ್ಪಿ ಕತ್ತರಿಸಿದರೆ ಬಟ್ಟೆ ಹೋದಂತೆಯೇ. ನಾನು ಅವ್ವನ ಹಾಗೆ ಗೇಣು, ಬೆರಳು ಹಾಕಿ ಅಳೆದೆ, ಅಕ್ಕಾರು ಅದಕ್ಕೇ ಟೇಪು ಹಿಡಿದು ಬರೆದುಕೊಂಡರು. ಹಳೆಯ ಪತ್ರಿಕೆಯ ಹಾಳೆ ಕತ್ತರಿಸಿ ಕತ್ತರಿಸಿ ಎಲ್ಲರ ಕೈ ಕುದುರಿತು.

ಯುಗಾದಿ ಹತ್ತಿರ ಬಂತು. ಹಿಂದಿನ ಸಾಲಿನ ಮನೆಯೊಂದರಲ್ಲಿ ಮಗಳ ಲಗ್ನ. ಆ ತಾಯಿ ಮದುಮಗಳಿಗೆಂದು ತಂದ ಹಸಿರು ಖಣವನ್ನೂ ಅಳತೆಗೊಂದು ಹಳೆಯ ಕುಪ್ಪಸವನ್ನೂ ಅಕ್ಕಾರ ಕೈಗೆ ಕೊಟ್ಟು ಹೋದಳು. ಅಕ್ಕಾರೇ ಹೊಲಿಯುತ್ತಾರೆಂದು ಅವಳ ಎಣಿಕೆ. ಅಕ್ಕಾರು ಅದನ್ನು ತಂದು ನನ್ನ ಮಡಿಲಿಗೆ ಹಾಕಿದರು.

"ನಾ ಗಂಡ ಸತ್ತಾಕಿ ರೀ. ಮದುಮಗಳ ಖಣ ನಾ ಮುಟ್ಟಬಾರದು."

"ಇಷ್ಟು ಚೆನ್ನಾಗಿ ಹೊಲಿಯುವ ಕೈ ನಮ್ಮಲ್ಲಿ ಇನ್ನೊಂದಿಲ್ಲ. ಬೇಕಾದರೆ ನಾನೇ ಹೊಲಿದೆನೆಂದು ಹೇಳುತ್ತೇನೆ."

ಆ ಮಾತಿಗೆ ಮೈಯೆಲ್ಲ ಉರಿಯಿತು. "ಹಂಗಂದ್ರ ನಾ ಹೊಲಿಗ್ಯಾಕಿ ಆಗೂದು ಯಾವಾಗ್ರಿ? ಹೊಲೀತೇನಿ, ನನ್ನ ಹೆಸರಿಲೇ ಕೊಡ್ತೇನಿ."

ಎರಡು ದಿನ ಕೂತು ಹೊಲಿದೆ. ಕತ್ತರಿ ಹಾಕುವ ಮೊದಲೇ ಆ ತಾಯಿಗೆ ಹೇಳಬೇಕಿತ್ತು. ಹೇಳದೆ ಹೊಲಿದದ್ದು ನನ್ನ ತಪ್ಪು, ಹಟದ ಭರದಲ್ಲಿ ಅದು ಹೊಳೆಯಲೇ ಇಲ್ಲ. ಹೊಲಿದು ಮುಗಿಸಿ ಅವಳ ಬಾಗಿಲಿಗೆ ಹೋಗಿ, "ಇದನ್ನ ಅಕ್ಕಾರ ಹೊಲದಿಲ್ರಿ, ನಾ ಹೊಲದೇನಿ" ಅಂದೆ.

"ಅಯ್ಯ ಶಿವನ! ನಾಡದು ಅಕ್ಕಿಕಾಳು ಬೀಳೂದೈತಿ, ಈಗ ಬಂದು ಹೇಳ್ತಿಯಲ್ಲ!" ಎಂದು ಅವಳು ಕುಪ್ಪಸ ಕಸಿದುಕೊಂಡು ಬಾಗಿಲು ಹಾಕಿದಳು. ಮದುಮಗಳು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಸಂಜೆಯೊಳಗೆ ಸುದ್ದಿ ಓಣಿಯೆಲ್ಲ ಹಬ್ಬಿತು, ನನಗೆ ಖಣ ಕೊಟ್ಟಿದ್ದ ಇಬ್ಬರು ತಿರುಗಿ ಒಯ್ದರು. ಅಂದು ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಯುಗಾದಿಗೆ ಇನ್ನೆರಡು ದಿನ ಇರುವಾಗ, ಲಗ್ನದ ದಿನ ಮಧ್ಯಾಹ್ನವೇ ಅಣ್ಣ ಬಂದ. ಕೊಟ್ಟ ಮಾತು ಮಾತೇ. ಪಾತ್ರೆ, ಬಟ್ಟೆ, ಕತ್ತರಿ ಎಲ್ಲ ಸೇರಿಸಿ ಗಂಟು ಕಟ್ಟಿದೆ. ಮಗಳು ಪಾಟಿಚೀಲ ಅಪ್ಪಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅಷ್ಟರಲ್ಲಿ ಬೀಗರ ಲಾರಿಗೆ ಮದುಮಗಳನ್ನು ಕರೆದುಕೊಂಡು ಹೋಗುವವರು ನಮ್ಮ ಮನೆಯ ಮುಂದೆ ಬಂದರು. ಆ ಹುಡುಗಿ ಗಕ್ಕನೆ ನಿಂತು ನನ್ನ ಹೊಸ್ತಿಲಿಗೆ ಬಂದಳು. ಮೈಮೇಲೆ ಅದೇ ಹಸಿರು ಕುಪ್ಪಸ.

"ಅಕ್ಕಾ, ತೋಳು ಭಾಳ ಬಿಗಿ ಆಗೇತ್ರಿ. ಈಟು ಸಡಲ ಮಾಡಿಕೊಡ್ರಿ."

"ಏ ಹುಡುಗಿ, ಲಾರಿ ನಿಂತೈತಿ!" ಎಂದು ಅವಳ ತಾಯಿ ಕೂಗಿದಳು.

"ನಿಲ್ಲಲಿ. ಹೊಲಿದವರೇ ಸಡಲ ಮಾಡಬೇಕು."

ಬೀಗರು, ಓಣಿಯವರು, ನನ್ನ ಅಣ್ಣ ಎಲ್ಲರೂ ನೋಡುತ್ತಿದ್ದರು. ಗಂಟು ಬಿಚ್ಚಿ ಸೂಜಿ ದಾರ ತೆಗೆದೆ. ಅವಳ ತೋಳಿನೊಳಗೆ ಬೆರಳು ತೂರಿಸಿದೆ. ಎರಡು ಬೆರಳು ಆರಾಮಾಗಿ ಹೋದವು. ಬಿಗಿ ಎಲ್ಲಿಯೂ ಇರಲಿಲ್ಲ.

ಮುಖ ನೋಡಿದೆ. ಅವಳು ತುಟಿ ಕಚ್ಚಿಕೊಂಡು ರಸ್ತೆಯ ಕಡೆ ನೋಡುತ್ತಿದ್ದಳು. ನಾನು ಎರಡು ಹೊಲಿಗೆ ಬಿಚ್ಚಿದೆ, ಅದೇ ಜಾಗದಲ್ಲಿ ಅದೇ ಎರಡು ಹೊಲಿಗೆ ತಿರುಗಿ ಹಾಕಿದೆ.

"ಈಗ ಹೆಂಗೈತವ್ವ?"

"ಈಗ ಬರೋಬ್ಬರಿ ಆತು ನೋಡ್ರಿ!" ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿ ಲಾರಿ ಹತ್ತಿದಳು.

ಲಾರಿ ಹಳಿಯಾಳದ ರಸ್ತೆಗೆ ತಿರುಗಿದ ಮೇಲೂ ಅವಳ ತಾಯಿ ನನ್ನ ಬಾಗಿಲಲ್ಲೇ ನಿಂತಿದ್ದಳು. ಕಣ್ಣೊರಸಿಕೊಂಡು, "ನಂದೂ ಒಂದು ಖಣ ಐತಿ. ನಾಳಿ ತರ್ತೇನಿ" ಅಂದಳು.

ಅಣ್ಣ ಬಿಚ್ಚಿದ ಗಂಟನ್ನು ನೋಡಿದ. "ಇದನ್ನ ಮತ್ತ ಕಟ್ಟಬೇಕೋ ಬ್ಯಾಡೋ?"

"ಬ್ಯಾಡ. ಯುಗಾದಿ ಹೋಳಿಗಿ ಇಲ್ಲೇ ಉಂಡು ಹೋಗು" ಅಂದೆ.