ಆಕೆಯ ಬಾಯಲ್ಲಿ ಕೂತ ದನಿ

…ಅಥವಾ ಅದು ಹಡಗಲಿಯ ನಾಟಕ ಪ್ರಯೋಗವೇ ಇರಬೇಕು, ಹರಪನಹಳ್ಳಿಯದಲ್ಲ. ಪರದೆಯ ಹಿಂದೆ ನಿಂತು ನಟರಿಗೆ ಮಾತು ಎತ್ತಿಕೊಡುತ್ತಿದ್ದವನು ನಾನು. ನನಗೆ ಕಾಣುತ್ತಿದ್ದುದು ನಟಿಯ ಬೆನ್ನು ಮಾತ್ರ. ಆದರೂ ನೆನಪಿನಲ್ಲಿ ಬರುವುದು ಮುಖ. ಅದು ಎಲ್ಲಿಂದ ಬಂತು? ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ನಾಟಕ ಹಳೆಯದು, ಈ ಕಡೆಯ ಊರುಗಳಲ್ಲೆಲ್ಲ ಆಡಿ ಆಡಿ ಸವೆದದ್ದು. ತಾಲ್ಲೂಕು ಕಚೇರಿಯ ಮುಂದೆ ಒಬ್ಬ ಮುದುಕ ಉಪವಾಸ ಕೂತಿದ್ದಾನೆ. ಎದುರಿನ ಚಹಾದಂಗಡಿಯಲ್ಲಿ ನಾಲ್ವರು ವರದಿಗಾರರು ಅವನ ಸಾವಿನ ಸುದ್ದಿಯನ್ನು ಮೊದಲೇ ಬರೆದಿಟ್ಟುಕೊಂಡು, ಇನ್ನೂ ಯಾಕೆ ಸಾಯಲಿಲ್ಲವೆಂದು ಚಡಪಡಿಸುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಕೊನೆಗೆ ಮುದುಕನ ಹೆಂಡತಿ ಬಂದು, ಆ ವರದಿಗಾರರದೇ ಪತ್ರಿಕೆ ಹಾಸಿ, ಅದರ ಮೇಲೆ ರೊಟ್ಟಿ ಇಟ್ಟು, "ಉಣ್ರೆಪ್ಪಾ. ಸಾವು ಕಾಯೋದಂದ್ರ ಹಸಿವಾಗ್ತೈತಿ" ಅನ್ನುತ್ತಾಳೆ. ನಗು ನಿಲ್ಲುತ್ತದೆ.

ಆ ಪಾತ್ರಕ್ಕೆ ಎಲ್ಲರೂ ಕರೆಸುತ್ತಿದ್ದುದು ಕೊಟ್ಟೂರಿನ ಈ ನಟಿಯನ್ನೇ. ಆ ಮಾತು ಬಂದ ಕೂಡಲೇ ಯಾರಾದರೂ ರಂಗ ಹತ್ತಿ ಶಾಲು ಹೊದಿಸುತ್ತಿದ್ದರು, ಮೈಕಿನಲ್ಲಿ ಹೊದಿಸಿದವರ ಹೆಸರು ಕೂಗಲಾಗುತ್ತಿತ್ತು. ಆಯೇರಿ ಅಂದರೆ ಅದು. ಆಕೆ ಪಾತ್ರದ ಅಳು ನಿಲ್ಲಿಸಿ, ಕೈಮುಗಿದು, ಮತ್ತೆ ಅದೇ ಅಳುವಿಗೆ ಇಳಿಯುತ್ತಿದ್ದಳು.

ಸಿನಿಮಾದವರು ಈ ನಾಟಕವನ್ನು ಮೂರು ಸಲ ಕೆಡಿಸಿದ್ದಾರೆ. ಮೊದಲನೆಯದರಲ್ಲಿ ವರದಿಗಾರರು ಡ್ಯುಯೆಟ್ ಹಾಡಿದರು. ಎರಡನೆಯದರಲ್ಲಿ ಟಿವಿಯವರಾಗಿ, ಒಳ್ಳೆಯವರೂ ಆಗಿ, ಮುದುಕನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಮೂರನೆಯದನ್ನು ಗುಡೇಕೋಟೆಯ ಹತ್ತಿರ ತೆಗೆದರು. ಹೆಂಡತಿಯ ಪಾತ್ರಕ್ಕೆ ಆಕೆಯನ್ನೇ ಕರೆದರು.

"ರಂಗದ ಮ್ಯಾಲಿನ ಮಾತು ಗಾಳಿಗೆ ಹೋಗತೈತಿ. ಇದರಾಗರ ನನ್ನ ದನಿ ಉಳೀತೈತಿ" ಅಂದಿದ್ದಳು. ಆಕೆಗೆ ಬೇಕಿದ್ದುದು ಅಷ್ಟೇ.

ಪ್ರದರ್ಶನ ಕೂಡ್ಲಿಗಿಯ ಒಂದು ಕಲ್ಯಾಣ ಮಂಟಪದಲ್ಲಿ. ಆಕೆಯ ಒಂದು ಪಕ್ಕ ತಂಗಿ, ಇನ್ನೊಂದು ಪಕ್ಕ ನಾನು. ಪರದೆಯ ಮೇಲೆ ಆಕೆ ರೊಟ್ಟಿ ಇಟ್ಟಳು, ಬಾಯಿ ತೆರೆದಳು. ಬಂದದ್ದು ಯಾರದೋ ಎಳೆಯ, ತೊಳೆದಿಟ್ಟಂಥ ಬೆಂಗಳೂರು ದನಿ: "ಊಟ ಮಾಡ್ರಪ್ಪ. ಸಾವಿಗೆ ಕಾಯೋದು ಅಂದ್ರೆ ಹಸಿವಾಗುತ್ತೆ."

"ಯಕ್ಕಾ, ನಿನ್ನ ಬಾಯಾಗ ಯಾರು ಕುಂತಾರ?" ತಂಗಿ ಕೇಳಿದಳು.

"ಸುಮ್ನ ಕುಂದ್ರಬೇ."

"ಏನ್ ಸುಮ್ನ ಕುಂದ್ರೋದು? ಇಷ್ಟು ಸಣ್ಣ ದನಿ ನಿನಗ ಮದಿವ್ಯಾಗೂ ಇದ್ದಿಲ್ಲ."

ಅಷ್ಟರಲ್ಲಿ ಊರಿನ ಹಿರಿಯರೊಬ್ಬರು ರೂಢಿಯಂತೆ ಶಾಲು ಹಿಡಿದು ಎದ್ದರು. ಮೈಕಿನವನು ಅವರ ಹೆಸರು ಕೂಗಿದ, ಚಿತ್ರ ನಿಲ್ಲಿಸಿದರು. ಆಕೆಯೂ ರೂಢಿಯಂತೆ ಕೈಮುಗಿದು ಎದ್ದು ನಿಂತಳು. ಹಿರಿಯರು, ಪರದೆಯ ಮೇಲೆ ಬಾಯಿ ತೆರೆದು ನಿಂತಿದ್ದ ಆಕೆಯ ಮುಖದತ್ತ ನಡೆದು, ಬಟ್ಟೆಗೆ ಶಾಲು ಹೊದಿಸುವುದು ಹೇಗೆಂದು ತಿಳಿಯದೆ ತಡವರಿಸಿ, ಮುಂದಿನ ಸಾಲಿನಲ್ಲಿದ್ದ ನಿರ್ದೇಶಕನಿಗೆ ಹೊದಿಸಿಬಿಟ್ಟರು. ಅವನೋ, ನಾಚಿಕೆಯಿಲ್ಲದೆ ಹೊದಿಸಿಕೊಂಡ. ಜನ ಚಪ್ಪಾಳೆ ತಟ್ಟಿದರು. ಆಕೆ ಕೂತಳು.

ಮುಗಿದ ಮೇಲೆ ಬಾಗಿಲಲ್ಲಿ ನಿರ್ದೇಶಕನನ್ನು ತಡೆದಳು.

"ನನ್ನ ದನಿ ಎಲ್ಲಿ ಹೋತ್ರಿ?"

"ಅಮ್ಮಾ, ನಿಮ್ಮ ಮುಖ ಬಂಗಾರ. ಭಾಷೆ ಮಾತ್ರ ಜನಕ್ಕೆ ಅರ್ಥ ಆಗಲ್ಲ."

"ಯಾವ ಜನಕ್ಕ್ರೀ? ನಿಮಗ ಶಾಲು ಹೊದಿಸಿದ್ರಲ್ಲ, ಅವರಿಗಾ?"

ಅವನು ನಗುತ್ತ ಕಾರು ಹತ್ತಿದ. ಚಿತ್ರ ನೋಡಲು ಬಂದು ಅಲ್ಲೇ ನಿಂತಿದ್ದ ವರದಿಗಾರರು ಇದನ್ನೆಲ್ಲ ಕೇಳಿಸಿಕೊಂಡರು. ಆದರೆ ಅವರ ಸುದ್ದಿ ಸಿನಿಮಾ ಶುರುವಾಗುವ ಮೊದಲೇ ಪತ್ರಿಕೆಗೆ ಹೋಗಿಯಾಗಿತ್ತು. ಮರುದಿನ ಓದಿದೆ: ಕೊಟ್ಟೂರಿನ ನಟಿಯ ಕಂಠಕ್ಕೆ ಪ್ರೇಕ್ಷಕರು ಮನಸೋತರಂತೆ. ಥೂ! ಪತ್ರಿಕೆ ಮುಟ್ಟಿದ ಕೈ ತೊಳೆದುಕೊಂಡೆ.

ಆಮೇಲೆ ಹಗರಿಬೊಮ್ಮನಹಳ್ಳಿ ಕಡೆಯ ನಾಟಕದವರು ಆಕೆಯನ್ನು ಅದೇ ಪಾತ್ರಕ್ಕೆ ಕರೆಯಲು ಬಂದಾಗ ಒಲ್ಲೆ ಎಂದು ಕಳಿಸಿದಳಂತೆ. ತಂಗಿ, ಅಕ್ಕನಿಗೆ ಮೊಣಕಾಲು ನೋವು ಅನ್ನುತ್ತಾಳೆ. ಇರಬಹುದು. ಸಿನಿಮಾದಿಂದಲೂ ಇರಬಹುದು. ನಾನು ಕೇಳಲಿಲ್ಲ, ನನಗೆ ಗೊತ್ತಿಲ್ಲ.